ಎಡಗೈಯ ಕೊಂಡಿ

ಸಂಗಮೇಶ, ಸೃಷ್ಟಿ, ನನ್ನ ಮೊಮ್ಮಕ್ಕಳೇ, ನಿಮ್ಮಪ್ಪ ಉಣ್ಣುವುದು, ಬರೆಯುವುದು ಎಲ್ಲ ಬಲಗೈಯಲ್ಲಿ. ಮಗ್ಗದಲ್ಲಿ ಮಾತ್ರ ಎಡಗೈ ಯಾಕೆ ಎಂದು ಮೊನ್ನೆ ಕೇಳಿದಿರಿ. ಎದುರಿಗೆ ಹೇಳಲು ನನಗೆ ನಾಚಿಕೆ. ಸತ್ತವರು ಬಂದಿದ್ದರು ಎಂದು ಯಾರಾದರೂ ಹೇಳಿದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದವಳು ನಾನು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಇಳಕಲ್ಲ ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡೂ ಕಡೆ ಎಳೆ ಸಮ ಇರಲೇಬೇಕು. ನಿಮ್ಮಜ್ಜ ಎಡಚರು. ಪ್ರತಿ ಎಳೆಯನ್ನೂ ಕಿರುಬೆರಳಿಗೆ ಒಂದು ಸುತ್ತು ಹಾಕಿಕೊಳ್ಳುವುದು ಅವರೊಬ್ಬರದೇ ರೂಢಿ. ನಿಮ್ಮಪ್ಪ ಮಾತ್ರ, "ಕುಂತು ಕುಂತು ಗೂನ ಆಗಾಕ ನಾ ಒಲ್ಲೆ" ಎಂದು ಮಗ್ಗ ಮುಟ್ಟದೆ ಕಲ್ಲಿನ ಖಣಿಗೆ ಹೋದ. ಅಜ್ಜ ತೀರಿಕೊಂಡಾಗ ಮಗ್ಗದ ಮೇಲಿನ ಸೀರೆ ಕೊಂಡಿ ಅರ್ಧ ಹಾಕಿದಲ್ಲಿಗೇ ನಿಂತಿತು.

ಆಮೇಲೆ ಒಂದು ದಿನ ಖಣಿಯಲ್ಲಿ ಬಂಡೆ ಜಾರಿ ನಿಮ್ಮಪ್ಪನ ತೊಡೆಯ ಮೇಲೆ ಬಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಶನ್ ಆಯಿತು. ಬದುಕಿದ ಎಂದುಕೊಳ್ಳುವಷ್ಟರಲ್ಲಿ ಜ್ವರ ಏರಿ ಎಚ್ಚರ ತಪ್ಪಿತು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು.

"ನಂಜು ರಕ್ತಕ್ಕ ಏರೇತ್ರಿ ಅಮ್ಮಾರ. ರಕ್ತದಾಗ ಮೈ ಕಾಯೋ ಕಣ ಇರ್ತಾವು. ದೊಡ್ಡ ಪೆಟ್ಟು ಬಿದ್ದಾಗ ಕೆಲವು ವಿಪರೀತ ಹೆಚ್ಚಾಗ್ತಾವು, ಕೆಲವು ತೀರಾ ಕಡಿಮಿ ಬೀಳ್ತಾವು. ಔಷಧ ಹಾಕೇವಿ. ಅವು ಸಮಕ್ಕ ಬರೋತನಕ ಏನೂ ಹೇಳಾಕ ಆಗೂದಿಲ್ಲ."

ಮಧ್ಯಾಹ್ನ ಒಳಗೆ ಬಿಟ್ಟರು. ಕಣ್ಣು ಮುಚ್ಚಿ ಮಲಗಿದ್ದವನ ಎಡಗೈ ಬೆರಳು ಆಡುತ್ತಿದ್ದವು. ಚಿಮಟುವುದು, ಹೊಸೆಯುವುದು, ಕಿರುಬೆರಳಿಗೊಂದು ಸುತ್ತು. ನಿಮ್ಮಜ್ಜನದೇ ಕೈ.

"ಜ್ವರದ ಗುಂಗಿನ್ಯಾಗ ಹಂಗ ಆಗ್ತೇತ್ರಿ ಆಯಿ" ಎಂದಳು ನರ್ಸ್. ಇರಬಹುದು ಎಂದುಕೊಂಡೆ.

ಮರುದಿನವೂ ಬೆರಳು ಆಡಿದವು. ಅವು ನಿಂತ ದಿನ ಮಗ ಹೋದನೆಂದು ಹೊರಗೆ ಓಡಿದೆ. ಎದುರಿಗೆ ಬಂದ ಡಾಕ್ಟರಮ್ಮ ನಗುತ್ತಿದ್ದರು. "ರಕ್ತ ಸಮಕ್ಕ ಬರಾಕತ್ತೇತ್ರಿ. ನಿಮ್ಮ ಮಗ ಗೆದ್ದ!"

ಎಚ್ಚರಾದ ಮೇಲೆ ಅವನಾಡಿದ ಮೊದಲ ಮಾತು: "ಯವ್ವಾ, ಅಪ್ಪ ಭಾಳ ಬೈದ. ಒಂದ ಕಡೆ ಎಳಿ ಹೆಚ್ಚಾಗ್ಯಾವು, ಒಂದ ಕಡೆ ಕಡಿಮಿ ಬಿದ್ದಾವು, ಸಮ ಮಾಡಲೇ ಅಂತ ಏಳಾಕ ಬಿಡಲಿಲ್ಲ."

ಡಾಕ್ಟರಮ್ಮ ನನಗೆ ಹೇಳಿದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದವನು ಕೋಲು ಊರಿಕೊಂಡು ನೇರ ಮಗ್ಗಕ್ಕೆ ಹೋದ. ಉಳಿದ ಕೊಂಡಿಗಳನ್ನೆಲ್ಲ ಎಡಗೈಯಲ್ಲೇ ಹಾಕಿದ. ಒಂದೂ ಬಿಚ್ಚಲಿಲ್ಲ. ನೆರೆಮನೆಯ ಗೌರವ್ವ ಬಾಗಿಲಲ್ಲೇ ನಿಂತು, "ಏನಬೇ, ಮುದುಕ ಹೊಳ್ಳಿ ಬಂದಾನೇನ? ನಿನ್ನ ಪುಣ್ಯಾ ತಗೋ!" ಎಂದಳು. ಎಂದೂ ನಾಲ್ವರ ಮುಂದೆ ದನಿ ಎತ್ತದ ನಾನು ಅಂದು ಓಣಿಗೆಲ್ಲ ಕೇಳುವಂತೆ ನಕ್ಕೆ.

ಔಷಧವೇ ಅವನನ್ನು ಉಳಿಸಿತು. ಅದರಲ್ಲಿ ನನಗೆ ಅನುಮಾನವಿಲ್ಲ. ಚಿಕ್ಕಂದಿನಲ್ಲಿ ಕಂಡದ್ದು ನೆನಪಿತ್ತು ಎನ್ನೋಣ. ಕಂಡದ್ದೆಲ್ಲ ಕೈಗೆ ಬರುತ್ತದೆಯೇ? ನನಗೆ ಇಂದಿಗೂ ತಿಳಿದಿಲ್ಲ.

ಆ ಸೀರೆಯ ಮಡಿಕೆಯಲ್ಲೇ ಈ ಹಾಳೆಗಳನ್ನು ಇಡುತ್ತೇನೆ. ಸೀರೆಯ ಚಿಂತೆ ಇಲ್ಲ, ಆ ಕೊಂಡಿ ಬಿಚ್ಚುವಂಥವಲ್ಲ. ಹಾಳೆಗಳನ್ನು ಮಾತ್ರ ನೀವು ಕಾಯಬೇಕು, ನನ್ನ ಕೂಸುಗಳಿರಾ.