ದಸ್ತಗೀರಸಾಬರ ಸೇಡು

ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ, ದಸ್ತಗೀರಸಾಬರದು ಇಳಿಯುತ್ತಿತ್ತು. ದಾಂಡೇಲಿಯಲ್ಲಿ ನನ್ನ ಚಹಾದಂಗಡಿಯ ಎದುರಿಗೇ ಅವರ ಗ್ಯಾರೇಜು. ನಟ್ಟು ತಿರುಗಿಸುವ ಪಾನಾ ಕೈತಪ್ಪಿದರೆ ಓಣಿಗೆಲ್ಲ ಕೇಳುವಂತೆ ಬೈಯುವ ಮನುಷ್ಯ, ನಿಜವಾಗಿ ಕೆರಳಿದಾಗ ಮಾತ್ರ ಪಿಸುಗುಡುತ್ತಿದ್ದರು. ಸ್ಟೇರಿಂಗ್ ಕೆಲಸಕ್ಕೆಂದು ಹಳಿಯಾಳ, ಮುಂಡಗೋಡದಿಂದಲೂ ಗಾಡಿಗಳು ಅವರಲ್ಲಿಗೆ ಬರುತ್ತಿದ್ದವು.

ಅವರ ತಮ್ಮ ರಫೀಕ ಒಬ್ಬ ಸಾವ್ಕಾರರ ಟೂರಿಸ್ಟ್ ವ್ಯಾನ್ ಓಡಿಸುತ್ತಿದ್ದ. ನೆಟ್ಟಗಿನ ರಸ್ತೆಯಲ್ಲೂ ಅದು ಅತ್ತಿತ್ತ ಸರಿಯುತ್ತಿತ್ತು. "ಅಣ್ಣನ ಕಡೆ ತೋರಿಸ್ಕೊಂಡು ಬರ್ತೇನ್ರಿ" ಎಂದು ಅವನು ಕೇಳಿದರೆ ಸಾವ್ಕಾರರು, "ಸೀಸನ್ ಮುಗೀಲಿ ತಡಿ" ಅಂದರಂತೆ. ಸೀಸನ್ ಮುಗಿಯುವ ಮೊದಲೇ ಜೋಯಿಡಾ ರಸ್ತೆಯ ತಿರುವಿನಲ್ಲಿ ವ್ಯಾನು ಮರಕ್ಕೆ ಬಡಿದು ರಫೀಕ ಸತ್ತ. "ಕುಡಿದಿದ್ದ" ಎಂದು ಸಾವ್ಕಾರರು ಊರಿಗೆಲ್ಲ ಸಾರಿದರು. ಬೀಡಿಯನ್ನೂ ಮುಟ್ಟದವನು ಅವನು! ತಾಯಿ ಬೀಬಿಜಾನ್ ಅಂದಿನಿಂದ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟರು.

"ಅವನ್ನ ಬಿಡೂದಿಲ್ಲ, ಬಸಣ್ಣಾ," ಎಂದು ಸಾಬರು ನನ್ನೆದುರು ಮೆಲ್ಲಗೆ ಹೇಳಿದ್ದರು. ವರ್ಷಗಟ್ಟಲೆ ಕಾದರು.

ಹೋದ ಬೇಸಿಗೆಯಲ್ಲಿ ಸಾವ್ಕಾರರೇ, ಜಜ್ಜಿದ ಮೈಯನ್ನಷ್ಟೇ ಸರಿಮಾಡಿಸಿದ್ದ ಅದೇ ವ್ಯಾನಿನಲ್ಲಿ ಬಂದರು, ಹಳೆಯದನ್ನೆಲ್ಲ ಮರೆತವರಂತೆ.

"ಗಾಡಿ ಭಾಳ ಓಲಾಡಾಕತ್ತೈತಿ, ಸಾಬ್ರ. ನೋಡ್ರಿ ಒಂಚೂರು."

"ಓಡಿಸಿ ನೋಡೂಣು, ಹತ್ರಿ. ಬಸಣ್ಣಾ, ನೀನೂ ಬಾ."

ಸಾಬರೇ ಸ್ಟೇರಿಂಗ್ ಹಿಡಿದರು; ಜೋಯಿಡಾ ರಸ್ತೆಗೇ ಹೊರಟೆವು. ರಫೀಕ ಸತ್ತ ತಿರುವು ಬಂದಾಗ ಸಾಬರು ವೇಗ ತಗ್ಗಿಸಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಡವಾಗಿ ಹೊರಳಿತು; ಡಾಂಬರು ಬಿಟ್ಟು ಮರಗಳತ್ತ ಸರಿಯಿತು. "ಯವ್ವಾ!" ಎಂದು ಸಾವ್ಕಾರರು ಕಿರುಚಿದರು. ಹಿಂದೆ ಕೂತ ನಾನು ಮುಂದಿನ ಸೀಟನ್ನು ಅವಚಿಕೊಂಡೆ. ಮರ ಇನ್ನೇನು ತಾಗಬೇಕು, ಸಾಬರು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದರು.

"ನಾ ಕುಡದೇನೇನ್ರಿ?" ಸಾಬರು ಪಿಸುಗುಟ್ಟಿದರು.

ಸಾವ್ಕಾರರು ಬಾಗಿಲು ತೆರೆದು ಕೆಳಗಿಳಿದರು.

ಸಾಬರು ಗೋಣಿಚೀಲ ಹಾಸಿಕೊಂಡು ಗಾಡಿಯಡಿ ತೂರಿದರು. ಚಕ್ರಗಳನ್ನು ಹೊರಳಿಸುವ ಹಲ್ಲಿನ ಸರಳಿಗೆ ರ್ಯಾಕ್ ಅನ್ನುತ್ತಾರೆ. ಅದರ ನಟ್ಟು ಸಡಿಲಿಸಿ, ಸ್ಕ್ರೂವನ್ನು ಒಂದಿಷ್ಟೇ ಬಿಗಿದು, ನಟ್ಟನ್ನು ಮತ್ತೆ ಕಚ್ಚಿಸಿದರು. ಎದ್ದು ಸ್ಟೇರಿಂಗ್ ಆಡಿಸಿ ನೋಡಿದರು.

"ಇಷ್ಟ ಕೆಲಸ ಇತ್ರಿ. ಇಷ್ಟಕ್ಕ ನನ್ನ ತಮ್ಮ ಹ್ವಾದ." ಚಾವಿ ಕಿತ್ತು ಮುಷ್ಟಿಯಲ್ಲಿ ಹಿಡಿದರು. "ನಮ್ಮ ಅಮ್ಮನ ಮುಂದ, ಓಣಿ ಮಂದಿ ಮುಂದ ಖರೇ ಹೇಳ್ತೀರೇನು? ಇಲ್ಲಾಂದ್ರ ಇಲ್ಲೇ ಕುಂದ್ರೂಣು."

ಸಾವ್ಕಾರರು ಮರವನ್ನೊಮ್ಮೆ ನೋಡಿ ಆಗಲೆಂದು ತಲೆಯಾಡಿಸಿದರು.

ಸಾಬರ ಮನೆಗೆ ಬಂದಾಗ ಬೀಬಿಜಾನ್ ಹೊಸ್ತಿಲಲ್ಲಿ ನಿಂತಿದ್ದರು. ಓಣಿಯೇ ನೆರೆದಿತ್ತು. "ನಿಮ್ಮ ಮಗ ಕುಡದಿದ್ದಿಲ್ರಿ. ಗಾಡೀನ ಸರಿ ಇದ್ದಿಲ್ಲ. ನಾನ ಸುಳ್ಳು ಹೇಳಿದ್ದೆ," ಎಂದು ಸಾವ್ಕಾರರು ನೆಲಕ್ಕೆ ಹೇಳಿದರು.

"ತಲಿ ಎತ್ತು. ಇನ್ನೊಮ್ಮೆ ಹೇಳು," ಎಂದರು ಮುದುಕಿ. "ಜೋರ್‌ಲೆ ಹೇಳು."

ಹೇಳಿದರು. ಆಮೇಲೆ ಊರಲ್ಲಿ ಅವರು ಮೊದಲಿನಂತೆ ತಲೆಯೆತ್ತಿ ಓಡಾಡಿದ್ದನ್ನು ನಾನು ಕಾಣೆ.

ಈ ಮಳೆಗಾಲದಲ್ಲಿ ಸಾಬರು ಎದೆನೋವಿನಿಂದ ತೀರಿಕೊಂಡರು. ಹಿಂದಿನ ದಿನ ನನ್ನಂಗಡಿಗೆ ಬಂದು ಕೂತಿದ್ದಾಗ, "ಈಗರ ಸಾವ್ಕಾರರನ್ನ ಮಾಫ್ ಮಾಡೀರೇನ್ರಿ?" ಎಂದು ಕೇಳಿದ್ದೆ.

ಚಹಾ ಕುಡಿದು ಮುಗಿಸಿ ಎದ್ದರು. "ಗಾಡಿ ರಿಪೇರಿ ಮಾಡೇನಿ, ಬಸಣ್ಣಾ. ಮಾಫ್ ಮಾಡಿಲ್ಲ."