ಕಿಟಕಿಯಿಂದ ಒಗೆದ ಡಿಗ್ರಿ

ಗೆಳೆಯರೇ, ನನ್ನ ನಿರುದ್ಯೋಗದ ಮೊದಲ ದಿನ ಇವತ್ತು ನಿಂತೇ ಕಳೆಯಿತು. ಸೊಲ್ಲಾಪುರದಲ್ಲಿ ಎಂ.ಎ. ಸರ್ಟಿಫಿಕೇಟ್ ತೆಗೆದುಕೊಂಡು ಅಕ್ಕಲಕೋಟದ ಬಸ್ಸಿಗೆ ಓಡಿದೆ. ಕಿಟಕಿಯಿಂದ ಒಗೆದು ಸೀಟು ಹಿಡಿಯಲು ಕರ್ಚೀಫು ಇರಲಿಲ್ಲ. ಸರ್ಟಿಫಿಕೇಟಿನ ಫೈಲನ್ನೇ ಒಗೆದೆ. ನೂಕಾಡಿ ಒಳಗೆ ಹೋದರೆ, ಆ ಸೀಟಿನಲ್ಲಿ ಒಬ್ಬ ಅಜ್ಜಿ ಕೂತು ನನ್ನ ಫೈಲಿನಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು.

“ಆಯಿ, ಅದು ನನ್ನ ಡಿಗ್ರಿ ಐತ್ರಿ. ಸೀಟ ಹಿಡ್ಯಾಕ ಒಗದೀನಿ.”

“ಹೌದೇನು? ಮುಂದ ಏನ್ ಮಾಡಾಂವ ಇದ್ದಿ?”

“ಇನ್ನೂ ನೋಡಾಕತ್ತೀನ್ರಿ.”

“ಹಂಗಾದ್ರ ನಿಂತ ನೋಡಪಾ.”

ಅಕ್ಕಲಕೋಟದಲ್ಲಿ ಇಳಿಯುವಾಗ ಅಜ್ಜಿ ಫೈಲು ಕೊಟ್ಟು, “ಛಲೋ ಗಾಳಿ ಬರತೈತಿ, ಜ್ವಾಕಿ ಇಟ್ಕೊ” ಎಂದಳು.

ನನ್ನ ಎಂ.ಎ.ಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಮುಂದೇನು ಎಂಬುದನ್ನು ಈಗ ಮನೆಯಲ್ಲಿ ಆರಾಮಾಗಿ ಕೂತು ನೋಡುತ್ತಿದ್ದೇನೆ.