ಹೊಟ್ಟೆ ತುಂಬಿ ಬೆಳ್ಳಗಾದ ಬೂಷ್ಟು

ಬೆಳಗಿನ ಐದೂವರೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದಿನ ಬೆಚ್ಚನೆಯ ಕೋಣೆಯಲ್ಲಿ ಎಲ್ಲರೂ ಬೂಷ್ಟಕ್ಕ ಎಂದು ಕರೆಯುವ ಅಕ್ಕ ಗಾಜಿನ ಜಾಡಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾರೆ. ಒಟ್ಟು ನಲವತ್ತು. ಒಳಗೆ ಬೆಂದ ನುಚ್ಚಕ್ಕಿ, ಅದರ ಮೇಲೆ ಹತ್ತಿಯಂತೆ ಹಬ್ಬಿದ ಬೂಷ್ಟು. ನೂಲಿಗೆ ಹಾಕುವ ಕೆಂಪು ಬಣ್ಣ ಸಿಗುವುದು ಇದರಿಂದಲೇ. ಕೆಂಪಗಿರಬೇಕಿತ್ತು. ಎಲ್ಲವೂ ಬಿಳಿ.

"ಅಕ್ಕಾ, ಮಕ್ಕಳು ಎದ್ದವಾ?" ಬಣ್ಣದ ತೊಟ್ಟಿಯ ಕೆಲಸಗಾರ ಬಾಗಿಲಲ್ಲಿ ನಿಂತು ಜಾಡಿಗಳತ್ತ ಇಣುಕುತ್ತಾನೆ.

"ಎಲ್ಲಿ ಏಳ್ತವೆ? ನಿನ್ನ ಹಾಗೇ, ತಿಂದು ಬಿದ್ಕೊಂಡಿವೆ."

ಗಂಡ ತೀರಿಕೊಂಡ ವರ್ಷ ಇಲ್ಲಿ ಗಾಜು ತೊಳೆಯಲು ಬಂದವರು ಅಕ್ಕ. ಬಣ್ಣದ ರಸಾಯನ ಬಲ್ಲ ಮೇಷ್ಟ್ರು ಅವರ ಕೈಗೆ ಸೂಜಿ ಕೊಟ್ಟು ಬೂಷ್ಟು ಸಾಕುವುದನ್ನು ಕಲಿಸಿದರು. ಹತ್ತೊಂಬತ್ತು ವರ್ಷವಾಯಿತು. ಈ ಬೂಷ್ಟು ಮೊದಲು ಕಿತ್ತಳೆ ಬಣ್ಣ ಕಟ್ಟುತ್ತದೆ. ಅದು ಅನ್ನದೊಳಗಿನ ಸಾರಜನಕದ ಜೊತೆ ಕೂಡಿದಾಗ ಕೆಂಪಾಗುತ್ತದೆ. "ಹುಳಿ ಜಾಸ್ತಿಯಾದ್ರೆ ಕಿತ್ತಳೇಲೇ ನಿಂತ್ಬಿಡುತ್ತೆ. ಹದ ನೋಡ್ಬೇಕು," ಎನ್ನುತ್ತಾರೆ ಅಕ್ಕ.

ಎರಡು ವರ್ಷದ ಹಿಂದೆ ಮೇಷ್ಟ್ರು ಹಾಸಿಗೆ ಹಿಡಿದು ದೂರದ ಮಗಳ ಮನೆ ಸೇರಿದರು. ತನ್ನ ಕೈಯಲ್ಲಿ ಬೂಷ್ಟಿಗೆ ಏನಾದರೂ ಆದೀತೆಂದು ಅಕ್ಕನಿಗೆ ಭಯ. ಮೂರು ತಿಂಗಳಿಗೊಮ್ಮೆ ಹೊಸ ಆಹಾರಕ್ಕೆ ಬದಲಿಸಬೇಕಿದ್ದ ಬೂಷ್ಟನ್ನು ವಾರವಾರ ಬದಲಿಸಿದರು, ಸಕ್ಕರೆಯನ್ನೂ ಹಾಕಿದರು. ಅದು ಉಂಡು ಕೊಬ್ಬಿತು, ಬಣ್ಣ ಕಟ್ಟುವುದನ್ನು ಮರೆಯಿತು.

"ಹೊಟ್ಟೆ ತುಂಬಿದೋರಿಗೆ ಬಣ್ಣ ಯಾಕೆ? ಮುದ್ದು ಮಾಡಿ ಕೆಡಿಸ್ದೆ."

ಮೇಷ್ಟ್ರು ಮೂಲ ಬೂಷ್ಟನ್ನು ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದ ಆರು ಹಳೆಯ ಗಾಜಿನ ನಳಿಕೆಗಳಿದ್ದಿದ್ದರೆ ಮತ್ತೆ ಮೊದಲಿಂದ ಶುರುಮಾಡಬಹುದಿತ್ತು. ಒಳಗಿನದು ಒಣಗಿ ತೊಗಟೆಯಂತಾಗಿತ್ತು. ಸತ್ತಿದೆ ಎಂದುಕೊಂಡು ಅಕ್ಕನೇ ಅವನ್ನು ಕುದಿಸಿ ತೊಳೆದಿಟ್ಟರು. ಬೂಷ್ಟಿನ ಬೀಜ ಮಲಗುವುದೇ ಆ ಒಣಗಿದ್ದರಲ್ಲಿ ಎಂದು ತಿಳಿದದ್ದು ಆಮೇಲೆ.

"ಗಾಜು ಫಳಫಳ ಅಂತಿತ್ತು. ಖುಷಿಪಟ್ಟಿದ್ದೆ ನಾನು," ಎಂದು ಮುಖ ತಿರುಗಿಸುತ್ತಾರೆ.

ಏಳು ತಿಂಗಳಿಂದ ದಿನವೂ ನಲವತ್ತು ಜಾಡಿಗಳಲ್ಲಿ ಒಂದು ಕೆಂಪು ಚುಕ್ಕೆಗಾಗಿ ಹುಡುಕಾಟ. ಕಳೆದ ವಾರ ಕಂಡ ಸಾಸಿವೆಯಷ್ಟು ಕಿತ್ತಳೆ ಮೂರೇ ದಿನದಲ್ಲಿ ಬೆಳ್ಳಗಾಯಿತು. ಮುಂದಿನ ತಿಂಗಳಿಂದ ಪೊಟ್ಟಣದ ಬಣ್ಣ ತರಿಸುತ್ತೇನೆಂದು ಮಾಲೀಕರು ಹೇಳಿಯಾಗಿದೆ.

ಮೇಷ್ಟ್ರು ಮಾತ್ರ ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. ಬೂಷ್ಟಿಗೆ ಅವರಿಟ್ಟ ಹೆಸರು ಕೆಂಪಿ. "ಕೆಂಪಿ ಹೇಗಿದಾಳಮ್ಮ?"

"ಚೆನ್ನಾಗಿದಾಳೆ ಸಾರ್."

ಪ್ರತಿ ವಾರವೂ ಅದೇ ಉತ್ತರ.

ಪೇಪರಿನಲ್ಲಿ ಫೋಟೊ ಬೇಡ, ಹೆಸರೂ ಬೇಡ ಎಂದ ಅಕ್ಕ ನಾನು ಹೊರಡುವಾಗ ಗೇಟಿನವರೆಗೂ ಬರುತ್ತಾರೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ನಳಿಕೆ ತೊಳೆದಿದ್ದು ಬರೀತೀಯಲ್ಲಮ್ಮ? ಬಿಡಬೇಡ. ಮೇಷ್ಟ್ರು ಭಾನುವಾರದ ಪೇಪರ್ ಪೂರ್ತಿ ಓದಿ ಆಮೇಲೇ ನಂಗೆ ಫೋನ್ ಮಾಡೋದು."